ಬೇಡ ಅನ್ನೋ ಬಟನ್ ಎಲ್ಲಿದೆ ಸ್ವಾಮಿ?

ಸಾಗರದಲ್ಲಿರುವ ನನ್ನ ಸೋದರಮಾವ ಮೂವತ್ತು ವರ್ಷಕ್ಕೂ ಜಾಸ್ತಿ ಕನ್ನಡ ಮೇಷ್ಟ್ರಾಗಿದ್ದವರು. ಈಗ ನಿವೃತ್ತಿ. ಅವರ ಅಂಗಿ ಜೇಬಿನಲ್ಲಿ ಮೊಬೈಲಿನ ಜೊತೆಗೆ ಒಂದು ಪುಟಾಣಿ ನೋಟ್‌ಬುಕ್ ಇರುತ್ತದೆ. ಪೆನ್ಷನ್ ಬಂತಾ ಅಂತ ಬ್ಯಾಂಕಿನ ಆ್ಯಪ್‌ನಲ್ಲಿ ನೋಡುವುದು ಹೇಗೆ ಅನ್ನುವುದನ್ನು ಅದರಲ್ಲಿ ಬರೆದಿಟ್ಟುಕೊಂಡಿದ್ದಾರೆ. ಮುತ್ತಿನಂಥ ಅಕ್ಷರ.

"1. ಆ್ಯಪ್ ತೆರೆಯುವುದು. 2. ಗುಟ್ಟಿನ ಸಂಖ್ಯೆ ಹಾಕುವುದು (ಇಲ್ಲಿ ಬರೆಯಬಾರದು). 3. ಎಡಗಡೆ ಮೇಲಿನಿಂದ ಎರಡನೇ ಡಬ್ಬಿ ಒತ್ತುವುದು. 4. ಚಕ್ರ ತಿರುಗುವುದು ನಿಲ್ಲುವ ತನಕ ಏನನ್ನೂ ಮುಟ್ಟದಿರುವುದು. 5. ಕಣ್ಣಿನ ಚಿತ್ರ ಒತ್ತಿದರೆ ದುಡ್ಡು ಕಾಣುತ್ತದೆ. 6. ಕೆಂಪು ಬಣ್ಣದ್ದನ್ನು ಯಾವ ಕಾರಣಕ್ಕೂ ಒತ್ತಬಾರದು."

ಎಲ್ಲವೂ ಪೆನ್ಸಿಲ್ಲಿನಲ್ಲಿ. ಮೊದಲು ಪೆನ್ನಿನಲ್ಲೇ ಬರೆಯುತ್ತಿದ್ದರು. ಮೂರು ಸಲ ಹೊಡೆದುಹಾಕಿ ಬರೆದ ಮೇಲೆ ಬುದ್ಧಿ ಬಂತು.

ಕಳೆದ ತಿಂಗಳು ಒಂದು ರಾತ್ರಿ ಆ್ಯಪ್ ತಾನಾಗಿಯೇ ಅಪ್‌ಡೇಟ್ ಆಯಿತು. ಬೆಳಗ್ಗೆ ಮಾವ ಸ್ನಾನ, ತಿಂಡಿ ಮುಗಿಸಿ, ಕನ್ನಡಕ ಒರೆಸಿಕೊಂಡು, ಮೂರನೇ ಹಂತದ ಪ್ರಕಾರ ಎಡಗಡೆ ಎರಡನೇ ಡಬ್ಬಿ ಒತ್ತಿದ್ದಾರೆ. ಪರದೆ ತುಂಬ ಪಟಾಕಿ ಹಾರಿದೆ. ನನಗೆ ಫೋನ್ ಬಂತು.

"ಎಂತದಾ ಇದು ಮಾರಾಯ, ಪೆನ್ಷನ್ ನೋಡೋಣ ಅಂದ್ರೆ ಅಭಿನಂದನೆ ಅಂತಿದೆ. ಮೂರು ಲಕ್ಷ ಸಾಲ ಮಂಜೂರಾಗಿದೆಯಂತೆ. ನಾನು ಕೇಳೇ ಇಲ್ಲವಲ್ಲೋ!"

"ಏನೂ ಮುಟ್ಟಬೇಡಿ ಮಾವ. ಕೆಳಗಡೆ ಸಣ್ಣದಾಗಿ 'ಈಗ ಬೇಡ' ಅಂತ ಇರುತ್ತೆ ನೋಡಿ. ಅದನ್ನ ಒತ್ತಿ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೇಷ್ಟ್ರ ದನಿ.

"ಈಗ ಬೇಡ ಅಂದ್ರೆ ಆಮೇಲೆ ಬೇಕು ಅಂತ ಅರ್ಥ ಆಗಲ್ವೇನೋ? ಬರೀ 'ಬೇಡ' ಅನ್ನೋದು ಎಲ್ಲಿದೆ?"

ನಾನು ದಿನಕ್ಕೆ ಹತ್ತು ಸಲ ಆ ಬಟನ್ ಒತ್ತುವವನು. ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ. ನನ್ನ ಫೋನಿನಲ್ಲಿ ಹುಡುಕಿದೆ. 'ಈಗ ಬೇಡ' ಸಿಕ್ಕಿತು. 'ಆಮೇಲೆ ನೆನಪಿಸಿ' ಸಿಕ್ಕಿತು. 'ಬಹುಶಃ ಮುಂದೆ' ಸಿಕ್ಕಿತು. 'ಸರಿ, ಅರ್ಥವಾಯಿತು' ಅಂತೂ ಎಲ್ಲೆಲ್ಲೂ ಇದೆ. ಅರ್ಥವಾಗದವರಿಗೆ ಬಟನ್ನೇ ಇಲ್ಲ. ಎರಡೇ ಅಕ್ಷರದ 'ಬೇಡ' ಹಾಕೋಕೆ ಮಾತ್ರ ಯಾರಿಗೂ ಜಾಗ ಸಾಲಲಿಲ್ಲ.

ಮದುವೆ ಮನೆಯಲ್ಲಿ ಹೋಳಿಗೆ ಬಡಿಸುವವರನ್ನು ನೆನೆಸಿಕೊಳ್ಳಿ. ಒಂದು ಸಲ ಸಾಕು ಅಂದರೆ ಅವರೂ ಕೇಳುವುದಿಲ್ಲ. "ಅಯ್ಯೋ ಒಂದೇ ಒಂದು" ಅಂತ ಎಲೆಗೆ ಜಾರಿಸಿಯೇ ಬಿಡುತ್ತಾರೆ. ಆದರೆ ಎರಡೂ ಕೈ ಎಲೆಗೆ ಅಡ್ಡ ಇಟ್ಟು ಬಗ್ಗಿ ಕೂತರೆ ಮುಂದಿನ ಎಲೆಗೆ ಹೋಗುತ್ತಾರೆ. ನೀವು ಕೈ ತೊಳೆಯುವಲ್ಲಿಗೆ ಹೋಳಿಗೆ ಹಿಡಿದುಕೊಂಡು ಬರುವುದಿಲ್ಲ. ಆ್ಯಪ್ ಬರುತ್ತದೆ. ಬಸ್ಸಿಗೆ ಬರುತ್ತದೆ, ಆಫೀಸಿಗೆ ಬರುತ್ತದೆ, ರಾತ್ರಿ ಹನ್ನೊಂದಕ್ಕೆ ದಿಂಬಿನ ಪಕ್ಕ ಸದ್ದು ಮಾಡಿ "ನಿಮ್ಮ ಹೋಳಿಗೆ ನಿಮಗಾಗಿ ಕಾಯುತ್ತಿದೆ" ಅನ್ನುತ್ತದೆ. ಇದಕ್ಕೆ ಹೊಸ ಫೀಚರ್ ಅಂತ ಹೆಸರು.

'ಬೇಡ' ಅನ್ನುವ ಮಾತು ಈ ಲೋಕದಲ್ಲಿ ಮೊದಲಿಂದಲೂ ಇರಲಿಲ್ಲ ಅಂತಲ್ಲ. ವಾಟ್ಸಾಪ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಕೌಮ್ ಅವರ ಮೇಜಿನ ಮೇಲೆ ಒಂದು ಚೀಟಿ ಇತ್ತು. ಜೊತೆಗಾರ ಬ್ರಿಯಾನ್ ಆಕ್ಟನ್ ಬರೆದುಕೊಟ್ಟಿದ್ದು. ಅದರಲ್ಲಿದ್ದದ್ದು ಇಷ್ಟೇ: ಜಾಹೀರಾತು ಬೇಡ, ಆಟ ಬೇಡ, ಗಿಮಿಕ್ ಬೇಡ. ನೋಡಿ, ಮೂರು ಬೇಡ! ಮಾವನಿಗೆ ತೋರಿಸಿದ್ದರೆ ನೂರಕ್ಕೆ ನೂರು ಕೊಡುತ್ತಿದ್ದರು. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು 19 ಶತಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಹೇಳಿತು. ಚೀಟಿಗೆ ಬೇರೆ ರೇಟ್ ಹಾಕಿದ್ದರೋ, ಅದೂ ಸೇರಿತ್ತೋ. 2017ರಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ ಮಾಯವಾಗುವ ಸ್ಟೇಟಸ್ ಬಂತು. 2024ರಲ್ಲಿ, ಕೇಳಿದ್ದಕ್ಕೆ ಉತ್ತರ ಹೇಳುವ ಮೆಟಾ ಎಐನ ನೀಲಿ ಉಂಗುರ ಬಂತು. 2025ರ ಜೂನ್‌ನಲ್ಲಿ, ಅಪ್‌ಡೇಟ್ಸ್ ಅನ್ನುವ ಕೋಣೆಯಲ್ಲಿ ಇನ್ನು ಮೇಲೆ ಜಾಹೀರಾತು ಇರುತ್ತದೆ ಅಂತ ಪ್ರಕಟಣೆಯೂ ಬಂತು. ಅಂದರೆ ಚೀಟಿಯಲ್ಲಿದ್ದದ್ದು 'ಬೇಡ' ಅಲ್ಲವೇ ಅಲ್ಲ. ಅದು 'ಈಗ ಬೇಡ'. ನಾವು ಪೂರ್ತಿ ಓದಿಕೊಳ್ಳಲಿಲ್ಲ ಅಷ್ಟೇ.

ಸ್ಟೇಟಸ್ ಅಂದಾಗ ನೆನಪಾಯಿತು. ವಾಟ್ಸಾಪ್‌ನಲ್ಲಿ ಮೊದಲು ಹೆಸರಿನ ಕೆಳಗೆ ಒಂದು ಸಾಲು ಬರೆದುಕೊಳ್ಳಬಹುದಿತ್ತು. 'ಮೀಟಿಂಗ್‌ನಲ್ಲಿದ್ದೇನೆ', 'ಬ್ಯಾಟರಿ ಮುಗಿಯುತ್ತಿದೆ', ಇನ್ನು ನಮ್ಮ ಜನರ 'ಎಲ್ಲಾ ರಾಯರ ಕೃಪೆ'. ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟು ಬ್ಯಾಟರಿ ಮುಗಿಯುತ್ತಲೇ ಇದ್ದವರೂ ಉಂಟು. 2017ರ ಫೆಬ್ರವರಿಯಲ್ಲಿ ಅದನ್ನು ಕಿತ್ತು ಫೋಟೊ ಸ್ಟೇಟಸ್ ಇಟ್ಟರು. ಜನ ಬೈದರು. ಮುಂದಿನ ತಿಂಗಳೇ ಹಳೆಯದು 'ಅಬೌಟ್' ಅನ್ನುವ ಹೊಸ ಹೆಸರಿನಲ್ಲಿ ವಾಪಸ್ ಬಂತು. ಇದ್ದದ್ದನ್ನು ಕಿತ್ತು ವಾಪಸ್ ಕೊಟ್ಟರೂ ಅದೊಂದು ಹೊಸ ಫೀಚರ್ರೇ. ಈ ಲೆಕ್ಕ ನಮ್ಮೂರ ರಸ್ತೆ ಅಗೆದು ಮುಚ್ಚುವ ಕಂಟ್ರಾಕ್ಟರಿಗೆ ಚೆನ್ನಾಗಿ ಗೊತ್ತು.

ಮತ್ತೆ ಆ ಇಪ್ಪತ್ನಾಲ್ಕು ಗಂಟೆಯ ಸ್ಟೋರಿ ಮೊದಲು ಶುರುವಾಗಿದ್ದು 2013ರಲ್ಲಿ, ಸ್ನ್ಯಾಪ್‌ಚಾಟ್‌ನಲ್ಲಿ. 2016ಕ್ಕೆ ಇನ್‌ಸ್ಟಾಗ್ರಾಮಿಗೆ ಅಂಟಿತು. ಅಲ್ಲಿಂದ ಮದ್ರಾಸ್ ಕಣ್ಣು ಹರಡಿದ ಹಾಗೆ ವಾಟ್ಸಾಪ್, ಫೇಸ್‌ಬುಕ್, ಕೊನೆಗೆ ಟೈ ಕಟ್ಟಿಕೊಂಡು ಕೆಲಸ ಹುಡುಕುವ ಲಿಂಕ್ಡ್‌ಇನ್‌ಗೂ ಬಂತು. ಟ್ವಿಟರ್ 2020ರ ನವೆಂಬರ್‌ನಲ್ಲಿ 'ಫ್ಲೀಟ್ಸ್' ಅಂತ ಮಾಡಿ 2021ರ ಆಗಸ್ಟ್‌ಗೆ ಮುಚ್ಚಿತು. ಒಂದು ದಿನದಲ್ಲಿ ಮಾಯವಾಗುವುದೇ ಅದರ ಗುಣ ತಾನೆ? ಪಾಪ, ಅದು ಎಂಟು ತಿಂಗಳು ತಡೆದುಕೊಂಡಿತು.

ಅಂದಹಾಗೆ, 'ಬೇಡ' ಅನ್ನುವ ಬಟನ್ ನಿಜವಾಗಿ ಇದ್ದ ಒಂದು ಜಾಗ ನನಗೆ ಗೊತ್ತು. ಯೂಟ್ಯೂಬ್. ಹೆಬ್ಬೆರಳು ಕೆಳಗೆ ಮಾಡಿದ ಚಿತ್ರ, ಪಕ್ಕದಲ್ಲೇ ಸಂಖ್ಯೆ. ಎಷ್ಟು ಜನಕ್ಕೆ ಹಿಡಿಸಲಿಲ್ಲ ಅಂತ ಎಲ್ಲರಿಗೂ ಕಾಣುತ್ತಿತ್ತು. ಫ್ಯಾನ್ ರಿಪೇರಿ ವೀಡಿಯೊ ನೋಡುವ ಮುಂಚೆ ಆ ಸಂಖ್ಯೆ ನೋಡಿ ಎಷ್ಟು ಫ್ಯಾನುಗಳು ಬದುಕಿಕೊಂಡಿವೆಯೋ. ಆಮೇಲೆ ಏನಾಯಿತು ಅಂದರೆ, 2018ರ ಕೊನೆಗೆ ಯೂಟ್ಯೂಬ್ ತಾನೇ ಮುತುವರ್ಜಿಯಿಂದ ಮಾಡಿದ ವರ್ಷಾಂತ್ಯದ ವೀಡಿಯೊಗೆ ಜನ ಬೆರಳು ಕೆಳಗೆ ಮಾಡಿದ್ದೇ ಮಾಡಿದ್ದು. ಯೂಟ್ಯೂಬಿನಲ್ಲೇ ಅತಿ ಹೆಚ್ಚು ಡಿಸ್‌ಲೈಕ್ ಪಡೆದ ವೀಡಿಯೊ ಯೂಟ್ಯೂಬಿನದ್ದೇ ಆಯಿತು. 2021ರ ನವೆಂಬರ್‌ನಲ್ಲಿ ಆ ಸಂಖ್ಯೆಯನ್ನು ಜನರ ಕಣ್ಣಿಂದ ಮರೆ ಮಾಡಿದರು. ವೀಡಿಯೊ ಮಾಡುವ ಸಣ್ಣಪುಟ್ಟವರ ಮೇಲೆ ಗುಂಪು ಕಟ್ಟಿಕೊಂಡು ದಾಳಿ ಮಾಡುತ್ತಾರೆ, ಅವರನ್ನು ಕಾಪಾಡಬೇಕು ಅಂತ ಕಾರಣ ಕೊಟ್ಟರು. ಇರಬಹುದು. ಬಟನ್ ಮಾತ್ರ ಹಾಗೇ ಇದೆ. ಒತ್ತಬಹುದು. ನೋಟಾಕ್ಕೆ ವೋಟು ಹಾಕಿ, ಎಷ್ಟು ಬಿತ್ತು ಅಂತ ಮಾತ್ರ ಕೇಳಬೇಡಿ ಅಂದ ಹಾಗೆ. ಯೂಟ್ಯೂಬಿಗೆ ಮೊಟ್ಟಮೊದಲ ವೀಡಿಯೊ ಹಾಕಿದ, ಅದರ ಸಂಸ್ಥಾಪಕರಲ್ಲಿ ಒಬ್ಬರಾದ ಜಾವೇದ್ ಕರೀಂ ಅವರಿಗೇ ತಡೆಯಲಿಲ್ಲ. ಮೃಗಾಲಯದ ಆನೆಗಳ ಮುಂದೆ ನಿಂತು ಮಾತಾಡಿದ ತಮ್ಮ 2005ರ ಆ ಹಳೇ ವೀಡಿಯೊದ ವಿವರಣೆಯನ್ನೇ ಬದಲಿಸಿ ಈ ನಿರ್ಧಾರವನ್ನು ಟೀಕಿಸಿದರು. ಮನೆ ಕಟ್ಟಿದವರಿಗೂ ದೂರು ಹೇಳೋಕೆ ಸಿಕ್ಕಿದ್ದು ಹಿತ್ತಿಲ ಗೋಡೆ ಮಾತ್ರ.

ನಾಮಕರಣದ ಸಡಗರ ಬೇರೆ. ನಮ್ಮಲ್ಲಿ ಮಗುವಿಗೆ ಒಂದೇ ಸಲ ನಾಮಕರಣ. ಇಲ್ಲಿ ಪ್ರತಿ ಹುಟ್ಟುಹಬ್ಬಕ್ಕೂ ತೊಟ್ಟಿಲು ಕಟ್ಟುತ್ತಾರೆ. ದುಡ್ಡು ಕಳಿಸುವ ಆ್ಯಪ್‌ಗೆ ಗೂಗಲ್ 2017ರಲ್ಲಿ ತೇಜ್ ಅಂದಿದ್ದು 2018ರಲ್ಲಿ ಗೂಗಲ್ ಪೇ ಆಯಿತು. ಮಾತಿಗೆ ಮಾತು ಕೊಡುವ ಎಐಗೆ 2023ರಲ್ಲಿ ಬಾರ್ಡ್ ಅಂದಿದ್ದು 2024ರಲ್ಲಿ ಜೆಮಿನೈ ಆಯಿತು. ಹರಟೆಗೆ ಅಂತ ಟಾಕ್ ಬಂತು, ಹ್ಯಾಂಗೌಟ್ಸ್ ಬಂತು, ಆಲೋ ಬಂತು, ಡುವೊ ಬಂತು. ಹರಟೆ ಶುರುವಾಗುವ ಹೊತ್ತಿಗೆ ಕಟ್ಟೆಯನ್ನೇ ಒಡೆದರು. ಟ್ವಿಟರ್ 2023ರ ಜುಲೈನಲ್ಲಿ ಎಕ್ಸ್ ಆಯಿತು. ಹಕ್ಕಿ ಹಾರಿಹೋಯಿತು. ಆದರೂ ಸುದ್ದಿ ಬರೆಯುವವರು ಪಕ್ಕದಲ್ಲಿ 'ಹಿಂದಿನ ಟ್ವಿಟರ್' ಅಂತ ಸೇರಿಸುವುದನ್ನು ಬಿಡಲಿಲ್ಲ. ಕೆಂಪೇಗೌಡ ಬಸ್ ನಿಲ್ದಾಣ ಅಂತ ಎಷ್ಟು ದೊಡ್ಡ ಬೋರ್ಡ್ ಹಾಕಿದರೂ ಬೆಂಗಳೂರಿನಲ್ಲಿ ಕಂಡಕ್ಟರ್ ಕೂಗುವುದು ಮೆಜೆಸ್ಟಿಕ್ ಅಂತಲೇ ಅಲ್ವಾ.

ದುಡ್ಡಿನ ವಿಷಯಕ್ಕೆ ಬಂದರೆ ಫೀಚರ್‌ಗಳಿಗೆ ಇನ್ನೂ ಬುದ್ಧಿ ಜಾಸ್ತಿ. 2023ರ ಏಪ್ರಿಲ್‌ನಲ್ಲಿ ಸ್ವಿಗ್ಗಿ ಬಿಲ್ಲಿನಲ್ಲಿ 'ಪ್ಲಾಟ್‌ಫಾರ್ಮ್ ಫೀ' ಅಂತ ಹೊಸ ಸಾಲು ಬಂತು. ಎರಡು ರೂಪಾಯಿ. ಆಗಸ್ಟ್‌ನಲ್ಲಿ ಜೊಮ್ಯಾಟೊ ಕೂಡ ಎರಡು ರೂಪಾಯಿ ಸೇರಿಸಿತು. ಎರಡು ರೂಪಾಯಿಗೆ ಯಾರು ಜಗಳ ಆಡುತ್ತಾರೆ? 2024ರ ದೀಪಾವಳಿ ಹೊತ್ತಿಗೆ ಅದು ಹತ್ತು ರೂಪಾಯಿ. ಊಟಕ್ಕೆ ದುಡ್ಡು ಸರಿ, ತಂದುಕೊಟ್ಟವರಿಗೆ ದುಡ್ಡೂ ಸರಿ, ಇದು ಯಾಕೆ? ನೀವು ನಮ್ಮ ಪ್ಲಾಟ್‌ಫಾರ್ಮಿಗೆ ಬಂದಿರಲ್ಲ, ಅದಕ್ಕೆ. ರೈಲ್ವೆಯಲ್ಲೂ ಪ್ಲಾಟ್‌ಫಾರ್ಮ್ ಟಿಕೆಟ್ ಹತ್ತು ರೂಪಾಯಿಯೇ. ಆದರೆ ಅಲ್ಲಿ ಕಲ್ಲುಬೆಂಚಿದೆ, ಫ್ಯಾನಿದೆ, ಅಳುತ್ತಾ ಕೈ ಬೀಸಲು ಜನ ಇರುತ್ತಾರೆ.

ಇದನ್ನೆಲ್ಲ ಸರ್ಕಾರ ನೋಡಿಯೇ ಇಲ್ಲ ಅನ್ನಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಡಾರ್ಕ್ ಪ್ಯಾಟರ್ನ್ ಅಂದರೆ ಕಣ್ಣಿಗೆ ಮಣ್ಣೆರಚಿ ಬಟನ್ ಒತ್ತಿಸುವ ವಿದ್ಯೆ. ಅದರಲ್ಲಿ 13 ಬಗೆ ಪಟ್ಟಿ ಮಾಡಿದ್ದಾರೆ. ಸುಳ್ಳೇ ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನು ತುರುಕುವುದು, ಸೇರಿಸಿಕೊಂಡ ಮೇಲೆ ಹೊರಗೆ ಬಿಡದಿರುವುದು. ಒಂದು ಬಗೆಗೆ 'ನ್ಯಾಗಿಂಗ್' ಅಂತಲೇ ಹೆಸರು. ಬೇಡ ಅಂದರೂ ಬಿಡದೆ ಪ್ರಾಣ ತಿನ್ನುವುದು. ಇನ್ನೊಂದು, ಬೇಡ ಅನ್ನುವವರಿಗೆ ನಾಚಿಕೆ ಆಗುವ ಹಾಗೆ ಮಾಡುವುದು. ವಿಮಾನದ ಟಿಕೆಟ್ ಕೊಳ್ಳುವಾಗ ವಿಮೆ ಬೇಡ ಅಂದರೆ "ನಾನು ಅಸುರಕ್ಷಿತನಾಗಿಯೇ ಇರುತ್ತೇನೆ" ಅಂತ ನಮ್ಮ ಬಾಯಲ್ಲೇ ಹೇಳಿಸುವುದು ಆ ಮಾರ್ಗಸೂಚಿಯಲ್ಲಿ ಕೊಟ್ಟಿರುವ ಉದಾಹರಣೆ. ಇಡ್ಲಿ ಸಾಕು, ವಡೆ ಬೇಡ ಅಂದವನಿಗೆ ಹೋಟೆಲಿನವರು "ನಾನು ವಡೆ ತಿನ್ನುವ ಯೋಗ್ಯತೆ ಇಲ್ಲದವನು" ಅಂತ ಬರೆಸಿಕೊಂಡು ಬಿಲ್ ಕೊಟ್ಟರೆ ಹೇಗಿರುತ್ತದೆ?

2025ರ ಜೂನ್‌ನಲ್ಲಿ ಪ್ರಾಧಿಕಾರ ಮತ್ತೊಂದು ಹೆಜ್ಜೆ ಇಟ್ಟಿತು. ನಿಮ್ಮಲ್ಲಿ ಇಂಥ ಮೋಸ ಇದೆಯಾ ಅಂತ ಮೂರು ತಿಂಗಳೊಳಗೆ ನೀವೇ ತಪಾಸಣೆ ಮಾಡಿಕೊಳ್ಳಿ ಅಂತ ಇ-ಕಾಮರ್ಸ್ ಕಂಪನಿಗಳಿಗೆ ಸೂಚಿಸಿತು. ಪರೀಕ್ಷೆ ಬರೆದ ಹುಡುಗನ ಕೈಗೇ ಕೆಂಪು ಪೆನ್ನು. ಮಾವನ ಸರ್ವೀಸಿನಲ್ಲಿ ಇಂಥ ಸುಲಭದ ಮೌಲ್ಯಮಾಪನ ಒಂದೂ ಇರಲಿಲ್ಲ.

ಇಷ್ಟೆಲ್ಲ ಬದಲಾವಣೆ ಆದಾಗ ಏನು ಬದಲಾಯಿತು ಅಂತ ತಿಳಿಯಲು ಅಪ್‌ಡೇಟ್ ಪಟ್ಟಿ ನೋಡಿದರೆ ಅಲ್ಲಿ ಒಂದೇ ಸಾಲು: 'ಬಗ್ ಪರಿಹಾರ ಮತ್ತು ಕಾರ್ಯಕ್ಷಮತೆ ಸುಧಾರಣೆ'. ಬಗ್ ಅಂದರೆ ಆ್ಯಪ್‌ನೊಳಗಿನ ದೋಷ, ಇಂಗ್ಲಿಷಿನಲ್ಲಿ ಹುಳ ಅಂತಲೂ ಅರ್ಥ. ವಾರ ವಾರವೂ ಅದೇ. ಪ್ರತಿ ವಾರ ತಿಗಣೆ ಹಿಡಿದೆವು ಅಂತ ಬಾಗಿಲಿಗೆ ಬೋರ್ಡ್ ಹಾಕುವ ಲಾಡ್ಜಿನಲ್ಲಿ ನೀವು ರೂಮು ತಗೋತೀರಾ? ನಾವು ತಗೊಂಡಿದ್ದೇವೆ. ಮಲಗಿದ್ದೇವೆ ಕೂಡ.

ಮೊನ್ನೆ ಭಾನುವಾರ ಸಾಗರಕ್ಕೆ ಹೋಗಿದ್ದೆ. ಮಾವ ಜಗಲಿಯಲ್ಲಿ ಕೂತು ನೋಟ್‌ಬುಕ್ ತಿದ್ದುತ್ತಿದ್ದರು. ಮೂರನೇ ಹಂತದಲ್ಲಿ 'ಎಡಗಡೆ' ಹೋಗಿ 'ಬಲಗಡೆ, ಕೆಳಗಿನಿಂದ' ಆಗಿತ್ತು. ಆರನೆಯದರಲ್ಲಿ 'ಕೆಂಪು' ಅಳಿಸಿ 'ನೀಲಿ' ಅಂತ ಬರೆದಿದ್ದರು. ಸಾಲದ ಡಬ್ಬಿಗೆ ಹೊಸ ಬಣ್ಣ ಬಳಿದಿದ್ದಾರೆ. ಅಷ್ಟರಲ್ಲಿ ಫೋನು ಟಣ್ ಅಂದಿತು. 'ನಮ್ಮ ಹೊಸ ವಿನ್ಯಾಸ ನಿಮಗೆ ಹಿಡಿಸಿತೇ? ಐದು ನಕ್ಷತ್ರ ನೀಡಿ!' ಕೆಳಗೆ ಎರಡು ಬಟನ್. 'ಈಗಲೇ ನೀಡುತ್ತೇನೆ', 'ಆಮೇಲೆ ನೆನಪಿಸಿ'.

"ಮಾರ್ಕ್ಸ್ ಕೊಡು ಅಂತ ಅವ್ರೇ ಕೇಳ್ತಿದಾರಲ್ಲೋ" ಅಂದರು ಮಾವ. ಕನ್ನಡಕ ಸರಿಮಾಡಿಕೊಂಡರು. ಒಂದು ನಕ್ಷತ್ರ ಒತ್ತಿದರು. ಕಾರಣ ಬರೆಯಲು ಖಾಲಿ ಜಾಗ ಬಂತು. ಒಂದೇ ಬೆರಳಿನಲ್ಲಿ, ಅಕ್ಷರ ಹುಡುಕಿ ಹುಡುಕಿ, ಬರೆದರು: ಬೇಡ.

ಕಾಫಿ ಲೋಟ ಖಾಲಿಯಾಗುವ ಮುಂಚೆಯೇ ಉತ್ತರ ಬಂತು. 'ಆತ್ಮೀಯ ಗ್ರಾಹಕರೇ, ನಿಮ್ಮ ಅಮೂಲ್ಯ ಸಲಹೆಗೆ ಧನ್ಯವಾದಗಳು. ಹೊಸ ಆವೃತ್ತಿಯಲ್ಲಿ ಇದನ್ನು ಸರಿಪಡಿಸಲಾಗಿದೆ. ದಯವಿಟ್ಟು ಈಗಲೇ ಅಪ್‌ಡೇಟ್ ಮಾಡಿ.'

ಮಾವ ಏನೂ ಮಾತಾಡಲಿಲ್ಲ. ಒಳಗೆ ಹೋಗಿ ಮೇಜಿನ ಡ್ರಾಯರ್ ಎಳೆದು ರಬ್ಬರ್ ಹುಡುಕತೊಡಗಿದರು.