ಹದಿನೈದು ನಿಮಿಷ ಜಾಸ್ತಿಯಾಯಿತು

ನಿಮ್ಮ ಅಡುಗೆ ವಿಧಾನದಲ್ಲಿ ಲಾಬ್‌ಸ್ಟರ್ ಬಾಲವನ್ನು ಹದಿನೈದು ನಿಮಿಷ ಕುದಿಸಿ ಅಂತ ಬರೆದಿದ್ದೀರಿ. ಬೇಡ ಮಾರಾಯ್ರೇ, ರಬ್ಬರ್ ಆಗುತ್ತದೆ! ನಮ್ಮ ಕಾರವಾರದ ಕಡೆ ಸಿಗುವ ಲಾಬ್‌ಸ್ಟರ್‌ಗೆ ಏಡಿಗಿರುವಂಥ ದಪ್ಪ ಕಾಲುಗಳಿಲ್ಲ, ತಿನ್ನುವ ಮಾಂಸವೆಲ್ಲ ಹೆಚ್ಚುಕಡಿಮೆ ಬಾಲದಲ್ಲೇ. ಅದನ್ನೇ ಕೆಡಿಸಿದರೆ ಉಳಿಯುವುದೇನು?

ಫ್ರೀಜರ್‌ನದ್ದಾದರೆ ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ತಟ್ಟೆಗೆ ಇಳಿಸಿ. ಬೆನ್ನಿನ ಚಿಪ್ಪನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ, ಕಪ್ಪು ನರ ಎಳೆದು ತೆಗೆಯಿರಿ. ಬಾಲ ಸುರುಟಿಕೊಳ್ಳದ ಹಾಗೆ ಒಂದು ಬಿದಿರುಕಡ್ಡಿ ಚುಚ್ಚಿ. ನೂರು, ನೂರಿಪ್ಪತ್ತು ಗ್ರಾಂ ತೂಕದ್ದಕ್ಕೆ ಹಬೆಯಲ್ಲಿ ಆರೇಳು ನಿಮಿಷ ಸಾಕು. ಗಾಜಿನಂತಿದ್ದ ಮಾಂಸ ನಡುವೆಯೂ ಬೆಳ್ಳಗಾದರೆ ಬೆಂದಿತು ಅಂತಲೇ. ಮೇಲೆ ತೆಂಗಿನೆಣ್ಣೆ, ಜಜ್ಜಿದ ಬೆಳ್ಳುಳ್ಳಿ. ಬೆಣ್ಣೆಯೇ ಬೇಕು ಅಂತೇನಿಲ್ಲ.

ಅಂದ ಹಾಗೆ, ಬಾಲದ ಅಡಿ ಮೊಟ್ಟೆ ಅಂಟಿದ್ದು ಕಂಡರೆ ಕೊಳ್ಳಬೇಡಿ.