ವಿಚಾರ ಸಂಕಿರಣವೂ ಕೂಟಶಾಸನವೂ

ಇತಿಹಾಸ ವಿಭಾಗದ ಸಂಶೋಧನ ವಿದ್ಯಾರ್ಥಿಗಳು ನಡೆಸುವ ವಿಚಾರ ಸಂಕಿರಣದ ಮೊದಲ ಆಕರ ಅದರ ಆಹ್ವಾನ ಪತ್ರಿಕೆ. ದಿನಾಂಕ 14 ಮತ್ತು 15, ಬುಧವಾರ ಮತ್ತು ಗುರುವಾರ ಎಂದು ಅಚ್ಚಾಗಿರುತ್ತದೆ. ಗೋಡೆಯ ಕ್ಯಾಲೆಂಡರ್ ನೋಡಿದರೆ 14 ಶುಕ್ರವಾರ. ಹೋದ ವರ್ಷದ ಫೈಲನ್ನೇ ತೆರೆದು ತಾರೀಕು ತಿದ್ದಿದವರು ವಾರವನ್ನು ಮರೆತಿರುತ್ತಾರೆ, ಅಷ್ಟೆ. ಆದರೆ ತಾಮ್ರಪಟವೊಂದರಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರ ಒಂದಕ್ಕೊಂದು ತಾಳೆಯಾಗದಿದ್ದರೆ ಶಾಸನ ಓದುವವರು ಕನ್ನಡಕ ಸರಿಮಾಡಿಕೊಂಡು ‘ಕೂಟಶಾಸನವೇನೋ’, ಅಂದರೆ ನಕಲಿ ಶಾಸನವೇನೋ ಎಂದು ಅನುಮಾನಿಸುತ್ತಾರೆ. ಅದೇ ಕಟ್ಟುನಿಟ್ಟು ಇಲ್ಲಿಯೂ ಹಿಡಿದರೆ ನಮ್ಮಲ್ಲಿ ಎಷ್ಟೋ ಸಂಕಿರಣಗಳು ನಡೆದೇ ಇಲ್ಲ. ಇನ್ನು ಇಸವಿ? ಬಹಳಷ್ಟು ಪತ್ರಿಕೆಗಳಲ್ಲಿ ಅದು ಇರುವುದೇ ಇಲ್ಲ. ‘ಇತಿಹಾಸ ಸಂಶೋಧನಾ ವಿಧಾನಗಳು’ ಎಂಬ ತಲೆಬರಹದ ಕೆಳಗೇ ಇಸವಿ ಕಾಣೆಯಾಗಿರುವುದು ಒಂದು ಸೊಗಸು.

ಆಹ್ವಾನಕ್ಕಿಂತ ನಾಲ್ಕೈದು ತಿಂಗಳು ಮೊದಲು ಪ್ರಬಂಧಗಳಿಗೆ ಕರೆ ಹೋಗಬೇಕು. ಎಡವಟ್ಟು ಶುರುವಾಗುವುದೇ ಅಲ್ಲಿ. ‘ಸಂಶೋಧನಾ ವಿಧಾನ ಕುರಿತ ಪ್ರಬಂಧಗಳನ್ನು ಆಹ್ವಾನಿಸಲಾಗಿದೆ’ ಎಂದಷ್ಟೇ ಬರೆದರೆ ಬರುವುದು ‘ಹೊಯ್ಸಳರ ಕಾಲದ ನೀರಾವರಿ: ಒಂದು ಅಧ್ಯಯನ’, ‘ಕೆಳದಿ ನಾಯಕರ ಆಡಳಿತ: ಒಂದು ಅವಲೋಕನ’. ತಪ್ಪು ಕಳಿಸಿದವರದಲ್ಲ, ಕರೆದವರದು. ಎಲ್ಲರ ಬಳಿಯೂ ಒಂದೊಂದು ಅಧ್ಯಾಯ ಸಿದ್ಧವಿರುತ್ತದೆ, ವಿಧಾನ ಯಾರ ಬಳಿಯೂ ಬರೆದಿಟ್ಟು ಇರುವುದಿಲ್ಲ. ಅದನ್ನು ಕೇಳಿಯೇ ಹೊರಡಿಸಬೇಕು. ಮುನ್ನೂರು ಪದದ ಸಾರಲೇಖದಲ್ಲಿ ಮೂರು ಪ್ರಶ್ನೆಗೆ ಉತ್ತರ ಬೇಕು ಎಂದು ಕರೆಯಲ್ಲೇ ಬರೆದುಬಿಡುವುದು ವಾಸಿ. ಯಾವ ಆಕರವನ್ನು ಕಣ್ಣಾರೆ ನೋಡಿದಿರಿ? ಅದು ಎಲ್ಲಿದೆ? ಅದು ನಿಮ್ಮನ್ನು ಎಲ್ಲಿ ಕೈಬಿಟ್ಟಿತು? ಈ ಮೂರನೆಯ ಪ್ರಶ್ನೆ ಜರಡಿಯ ಕೆಲಸ ಮಾಡುತ್ತದೆ. ಕಡತದ ಹಾಳೆ ಹರಿದಿತ್ತು, ಹಳೆಯ ಮರಾಠಿ ದಾಖಲೆಗಳ ಮೋಡಿ ಲಿಪಿ ಓದಲು ಬರಲಿಲ್ಲ, ಅಜ್ಜಿ ರೆಕಾರ್ಡರ್ ಕಂಡು ಮಾತು ನಿಲ್ಲಿಸಿದರು ಎಂದು ಬರೆದವರನ್ನು ಕಣ್ಣುಮುಚ್ಚಿ ಆರಿಸಬಹುದು.

ಬರುವ ಸಾರಲೇಖಗಳ ರಾಶಿಗೆ ಹೆದರಬೇಕಾಗಿಲ್ಲ. 2016ರ ಯುಜಿಸಿ ನಿಯಮ ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಎರಡು ಸಂಕಿರಣಗಳಲ್ಲಿ ಮಂಡನೆ ಆಗಿರಬೇಕೆಂದಿತ್ತು, ಪುರಾವೆಗೆ ಪ್ರಮಾಣಪತ್ರ ಕೇಳಿತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ಪ್ರಮಾಣಪತ್ರದ ಮೋಹ ಮಾತ್ರ ನಿಯಮಕ್ಕಿಂತ ಹಳೆಯದು, ಹೋಗಲಿಲ್ಲ. ನೋಂದಣಿ ಮೇಜಿನ ಬಳಿ ಬಂದವರ ಮೊದಲ ಮಾತೇ ‘ಸರ್ಟಿಫಿಕೇಟ್ ಯಾವಾಗ ಕೊಡ್ತೀರಿ ಸರ್?’ ಮೊದಲ ದಿನವೇ ಕೊಟ್ಟರೆ ಎರಡನೆಯ ದಿನ ಸಭಾಂಗಣದಲ್ಲಿ ಕುರ್ಚಿಗಳಷ್ಟೇ ಉಳಿಯುತ್ತವೆ. ಸಮಾರೋಪದಲ್ಲಿ ಕೊಡುತ್ತೇವೆಂದರೆ ಬಸ್ಸಿನ ಹೊತ್ತಿನ ತಕರಾರು. ಮಧ್ಯದ ದಾರಿಯೊಂದಿದೆ: ಎರಡನೆಯ ದಿನದ ಊಟದ ನಂತರದ ಗೋಷ್ಠಿ ಮುಗಿದ ಕೂಡಲೇ ಬಾಗಿಲಲ್ಲಿ ಕೊಡುವುದು. ಹೆಸರನ್ನು ಮಾತ್ರ ನೋಂದಣಿಯ ದಿನವೇ ಅವರ ಕೈಯಲ್ಲೇ ಬರೆಸಿಕೊಳ್ಳಬೇಕು. ಮಂಜುನಾಥ ಕೆ. ಎಂಬುವರನ್ನು ಕೆ. ಮಂಜುನಾಥ್ ಮಾಡಿದರೆ ಮರುದಿನ ಮತ್ತೆ ಮುದ್ರಿಸಬೇಕಾಗುತ್ತದೆ. ಕಲ್ಲು ಕಂಡರಿಸಿದ ರೂವಾರಿಯ ಅಕ್ಷರ ದೋಷವನ್ನು ಕ್ಷಮಿಸುವ ಇತಿಹಾಸಕಾರರು ಇದನ್ನು ಕ್ಷಮಿಸುವುದಿಲ್ಲ.

ಇನ್ನು ವೇಳೆ. ಉದ್ಘಾಟನೆ ಹತ್ತಕ್ಕೆ ಎಂದು ಅಚ್ಚಾಗಿದ್ದರೆ ದೀಪ ಹತ್ತುವುದು ಹತ್ತೂಮುಕ್ಕಾಲಿಗೆ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನಾ ಮಾತು, ಅಧ್ಯಕ್ಷೀಯ, ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನೆ ಮುಗಿಯುವಾಗ ಹನ್ನೆರಡು ದಾಟಿರುತ್ತದೆ. ನಾಡಗೀತೆಗೆ ಸರ್ಕಾರ 2022ರಲ್ಲಿ 2 ನಿಮಿಷ 30 ಸೆಕೆಂಡ್ ಎಂದು ಗಡುವು ಹಾಕಿತು. ಅದರ ಹಿಂದೆಯೇ ಬರುವ ಭಾಷಣಗಳಿಗೆ ಹಾಕುವ ಧೈರ್ಯ ಯಾವ ಸರ್ಕಾರಕ್ಕೂ ಬಂದಿಲ್ಲ. ಮುಕ್ಕಾಲು ಗಂಟೆಯ ದಿಕ್ಸೂಚಿ ಭಾಷಣ ಮುಗಿದರೆ ಊಟ. ಅಂದರೆ ಮೊದಲ ದಿನ ಪ್ರಬಂಧಗಳಿಗೆ ಉಳಿಯುವುದು ಮಧ್ಯಾಹ್ನದ ಎರಡು ಗೋಷ್ಠಿ, ಎರಡನೆಯ ದಿನ ಮೂರು. ಗೋಷ್ಠಿಗೆ ತೊಂಬತ್ತು ನಿಮಿಷ: ಮೂರು ಪ್ರಬಂಧಕ್ಕೆ ಹದಿನೈದರಂತೆ ನಲವತ್ತೈದು, ಚರ್ಚೆಗೆ ಮೂವತ್ತು, ಮೈಕು ಕೆಡುವುದಕ್ಕೆ ಹದಿನೈದು. ಒಟ್ಟು ಹದಿನೈದು ಪ್ರಬಂಧ. ಒಂದು ಗೋಷ್ಠಿಯನ್ನು ಕಾರ್ಯಾಗಾರಕ್ಕೆ ಬಿಟ್ಟರೆ ಹನ್ನೆರಡು. ಅರವತ್ತು ಜನ ಸಾರಲೇಖ ಕಳಿಸಿದ್ದಾರಲ್ಲ, ಯಾರಿಗೂ ಬೇಜಾರಾಗಬಾರದೆಂದು ಮೂರು ಕೊಠಡಿಗಳಲ್ಲಿ ಏಕಕಾಲಕ್ಕೆ ಗೋಷ್ಠಿ ಇಟ್ಟು ತಲೆಗೆ ಏಳು ನಿಮಿಷ ಹಂಚುವ ಪದ್ಧತಿಯಿದೆ. ಏಳು ನಿಮಿಷದಲ್ಲಿ ‘ವೇದಿಕೆಯ ಮೇಲಿರುವ’ ಎಂಬ ಸಂಬೋಧನೆಗೆ ಎರಡು ಹೋಗುತ್ತದೆ. ಕೊಠಡಿಯಲ್ಲಿ ಇರುವುದು ಮಂಡಿಸುವವರು, ಅಧ್ಯಕ್ಷರು, ಮುಂದಿನ ಸರದಿಯವರು, ಅವರನ್ನು ಕರೆದುಕೊಂಡು ಬಂದ ಗೆಳೆಯ. ಹನ್ನೆರಡು ಜನರಿಗೆ ಹೌದೆಂದು ನಲವತ್ತೆಂಟು ಜನರಿಗೆ ವಿನಯದಿಂದ ಇಲ್ಲವೆನ್ನುವುದೇ ಸರಿಯಾದ ದಾರಿ. ಚರ್ಚೆಗೆ ಬನ್ನಿ ಎಂದು ಕರೆದರೆ ಅವರಲ್ಲಿ ಒಳ್ಳೆಯವರು ಬಂದೇ ಬರುತ್ತಾರೆ.

ಹನ್ನೆರಡನ್ನು ಗೋಷ್ಠಿಗಳಿಗೆ ಹಂಚುವಾಗ ರಾಜವಂಶ ಹಿಡಿದು ಹಂಚಬಾರದು. ಕದಂಬ ಗೋಷ್ಠಿ, ರಾಷ್ಟ್ರಕೂಟ ಗೋಷ್ಠಿ ಎಂದು ಮಾಡಿದರೆ ಚರ್ಚೆ ಯಾವ ರಾಜ ದೊಡ್ಡವನು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಆಕರ ಹಿಡಿದು ಹಂಚಬೇಕು: ಶಾಸನದವರು ಒಂದು ಕಡೆ, ಕೈಫಿಯತ್ತು (ಊರುಗಳ ಸ್ಥಳವೃತ್ತಾಂತ) ಮತ್ತು ಮಠಮನೆತನಗಳ ಕಡತದವರು ಒಂದು ಕಡೆ, ಸರ್ಕಾರಿ ದಾಖಲೆಯವರು ಒಂದು ಕಡೆ, ಮೌಖಿಕ ಇತಿಹಾಸದವರು ಇನ್ನೊಂದು ಕಡೆ. (ಕಡತವೆಂದರೆ ಹಿಂದೆ ಬಳಪದಲ್ಲಿ ಬರೆಯುವ, ಮಡಿಸಿಡುವ ಕಪ್ಪು ಬಟ್ಟೆಯ ಪುಸ್ತಕ. ಈಗ ಅದು ಟೇಬಲಿನಿಂದ ಟೇಬಲಿಗೆ ಹೋಗುವ ಫೈಲು. ಬರೆದದ್ದನ್ನು ಸುಲಭವಾಗಿ ಅಳಿಸಬಹುದಾಗಿತ್ತು ಎಂಬ ಒಂದೇ ಕಾರಣಕ್ಕೆ ಹಳೆಯದೇ ಮೇಲು ಎನ್ನುವವರಿದ್ದಾರೆ.)

ಸರ್ಕಾರಿ ದಾಖಲೆಯ ಗೋಷ್ಠಿಗೆ ಹೆಚ್ಚು ಹೊತ್ತು ಕೊಟ್ಟರೂ ನಷ್ಟವಿಲ್ಲ. ಕನ್ನಡ ನಾಡಿನ ಹತ್ತೊಂಬತ್ತನೆಯ ಶತಮಾನ ಒಂದೇ ಊರಿನಲ್ಲಿ ಸಿಕ್ಕುವುದಿಲ್ಲ. ಮೈಸೂರು ಸಂಸ್ಥಾನದ ದಾಖಲೆಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಧಾರವಾಡ, ಬೆಳಗಾವಿ, ವಿಜಯಪುರಕ್ಕೆ ಮುಂಬೈ, ಬಳ್ಳಾರಿ, ಮಂಗಳೂರಿಗೆ ಚೆನ್ನೈನ ಎಗ್ಮೋರ್, ಕಲಬುರಗಿ, ರಾಯಚೂರು, ಬೀದರಿಗೆ ಹೈದರಾಬಾದು. ಉತ್ತರ ಕನ್ನಡದವರ ಪಾಡು ಇನ್ನೂ ಮಜವಾಗಿದೆ. ಆ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದ ಅಪ್ಪನ ತೆರಿಗೆ ಲೆಕ್ಕ ಚೆನ್ನೈನಲ್ಲಿ, ಮಗನದು ಮುಂಬೈಯಲ್ಲಿ. ಯಾವ ಊರಿಗೆ ಯಾರ ಪತ್ರ ಒಯ್ಯಬೇಕು, ಬೇಡಿಕೆ ಚೀಟಿಯಲ್ಲಿ ಇಲಾಖೆಯ ಹೆಸರು, ವರ್ಷ, ಸಂಪುಟದ ಸಂಖ್ಯೆ ಹೇಗೆ ಬರೆಯಬೇಕು, ಕ್ಯಾಮೆರಾ ಬಿಡುತ್ತಾರೋ ಇಲ್ಲವೋ ಎಂಬ ವಿದ್ಯೆ ಗೈಡುಗಳಿಗಿಂತ ಹೋದ ತಿಂಗಳು ಅಲ್ಲಿ ಕೂತು ಬಂದ ವಿದ್ಯಾರ್ಥಿಗೇ ಚೆನ್ನಾಗಿ ಗೊತ್ತು. ಇದು ಯಾವ ಪ್ರಬಂಧದಲ್ಲೂ ಇರುವುದಿಲ್ಲ, ಟೀ ಹೊತ್ತಿನಲ್ಲಿ ಕೈ ಬದಲಾಗುತ್ತದೆ. ಹಾಗಾಗಿ ಎಷ್ಟೇ ತಡವಾಗಿದ್ದರೂ ಟೀ ವಿರಾಮಕ್ಕೆ ಕತ್ತರಿ ಹಾಕಬಾರದು.

ಶಾಸನದ ಗೋಷ್ಠಿಯ ಅಧ್ಯಕ್ಷರಿಗೆ ಒಂದು ಚೀಟಿಯಲ್ಲಿ ಮೊದಲೇ ಬರೆದುಕೊಡಬೇಕಾದ್ದಿದೆ: ‘ಎಪಿಗ್ರಾಫಿಯಾ ಕರ್ನಾಟಿಕಾ ಎಂದವರನ್ನು ಯಾವ ಆವೃತ್ತಿ ಎಂದು ಕೇಳಿ.’ ಬಿ. ಎಲ್. ರೈಸ್ 1886ರಲ್ಲಿ ಕೊಡಗಿನಿಂದ ಆರಂಭಿಸಿದ ಈ ಶಾಸನ ಸಂಪುಟಗಳ ಹಳೆಯ ಮಾಲೆಯಲ್ಲಿ ಬೇಲೂರಿನ ಶಾಸನಗಳು ಹಾಸನ ಜಿಲ್ಲೆಯ ಐದನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾಲಯ 1972ರಿಂದ ತಂದ ಪರಿಷ್ಕೃತ ಮಾಲೆಯಲ್ಲಿ ಒಂಬತ್ತನೆಯದರಲ್ಲಿ. ಸಂಪುಟ ಮತ್ತು ಸಂಖ್ಯೆಯನ್ನು ಬೇರೆಯವರ ಅಡಿಟಿಪ್ಪಣಿಯಿಂದ ಎತ್ತಿದವರು ಈ ಒಂದು ಪ್ರಶ್ನೆಗೆ ನೀರಿನ ಲೋಟ ಹುಡುಕತೊಡಗುತ್ತಾರೆ. ಹಾಗೆಯೇ ಕಾಲದ ಲೆಕ್ಕ. ಶಕವರ್ಷಕ್ಕೆ 78 ಕೂಡಿಸಿ ಇಸವಿ ಹೇಳುವುದು ಎಲ್ಲರಿಗೂ ಬಾಯಿಪಾಠ, ಆದರೆ ಪುಷ್ಯದಿಂದ ಫಾಲ್ಗುಣದವರೆಗಿನ ತಿಥಿಗೆ ಹೆಚ್ಚಾಗಿ 79 ಬೇಕಾಗುತ್ತದೆ, ಅಷ್ಟರಲ್ಲಿ ಜನವರಿ ಬಂದಿರುತ್ತದೆ. ಸಂವತ್ಸರ ತಾಳೆ ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿದರೆ ಸಾಕು, ಉಳಿದ ಶೇಷವೇ ಪ್ರಭವದಿಂದ ಎಣಿಸುವ ಸಂಖ್ಯೆ. ಶಕ 1947ಕ್ಕೆ 39 ಉಳಿಯುತ್ತದೆ, ವಿಶ್ವಾವಸು. ಲೆಕ್ಕ ಕೈಕೊಟ್ಟರೆ ಶಾಸನವನ್ನು ಕೂಟವೆನ್ನುವ ಮೊದಲು ವರ್ಷ ಗತವೋ (ಮುಗಿದ ವರ್ಷಗಳ ಎಣಿಕೆ) ವರ್ತಮಾನವೋ (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಎಣಿಕೆ) ಎಂದು ನೋಡಬೇಕು.

ಪ್ರಬಂಧಗಳ ಪೂರ್ಣಪಾಠ ಹದಿನೈದು ದಿನ ಮುಂಚೆ ಅಧ್ಯಕ್ಷರ ಕೈ ಸೇರಬೇಕು ಎನ್ನುವುದು ನಿಯಮ. ಸೇರುವುದು ಹಿಂದಿನ ರಾತ್ರಿ, ಅದೂ ‘ನುಡಿ’ ತಂತ್ರಾಂಶದಲ್ಲಿ. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಟೋಪಿ ತೊಟ್ಟ, ಬಾಲ ಬಿಟ್ಟ ಅಕ್ಷರಗಳ ಸಂತೆ. ಯಾವ ಲಿಪಿ ಎಂದು ಶಾಸನತಜ್ಞರೂ ಹೇಳಲಾರರು. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಬಹುದು, ಆದರೆ ಇಡೀ ಕಡತವನ್ನು ಒಟ್ಟಿಗೆ ಸುರಿಯಬಾರದು. ಅಡಿಟಿಪ್ಪಣಿಗಳ ಇಂಗ್ಲಿಷ್ ಹೆಸರುಗಳೂ ಕನ್ನಡವಾಗಲು ಹೋಗಿ ಎಲ್ಲಿಯದೂ ಅಲ್ಲದ ಭಾಷೆಯಾಗುತ್ತವೆ. ಕನ್ನಡದ ಭಾಗವನ್ನಷ್ಟೇ ಬಿಡಿಬಿಡಿಯಾಗಿ ಪರಿವರ್ತಿಸಿ, ಅರ್ಕಾವತ್ತು ಬಂದ ಪದಗಳನ್ನೆಲ್ಲ ಮತ್ತೊಮ್ಮೆ ಕಣ್ಣಲ್ಲಿ ಓದಬೇಕು. ‘ಕರ್ನಾಟಕ’ವೇ ತಪ್ಪಾಗಿ ಬಂದರೆ ಮಿಕ್ಕದ್ದನ್ನು ಕೇಳುವುದೇನು. ಪ್ರದರ್ಶನದ ಸ್ಲೈಡುಗಳನ್ನು ಪಿಡಿಎಫ್ ಮಾಡಿಯೇ ತರಿಸಿಕೊಂಡು ಎಲ್ಲವನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿ ಗೋಷ್ಠಿವಾರು ತುಂಬಿಡಬೇಕು. ಪ್ರೊಜೆಕ್ಟರಿಗೆ ಬೇಕಾದ ಅಡಾಪ್ಟರ್ ಎರಡು ಇರಲಿ. ಒಂದನ್ನು ಯಾರೋ ಒಯ್ಯುತ್ತಾರೆ. ದಾನಶಾಸನಗಳ ಕೊನೆಯಲ್ಲಿ ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದಿರುತ್ತದಲ್ಲ, ಆ ಶ್ಲೋಕವನ್ನು ಅಡಾಪ್ಟರಿನ ಮೇಲೆ ಅಂಟಿಸುವುದಕ್ಕೆ ಜಾಗ ಸಾಲದು.

ಎರಡನೆಯ ದಿನ ಬೆಳಗ್ಗೆ ಕಾರ್ಯಾಗಾರ, ಕಲ್ಲಿನ ಮುಂದೆ: ಶಾಸನದ ಪಡಿಯಚ್ಚನ್ನು ಹಾಳೆಯ ಮೇಲೆ ತೆಗೆಯುವುದು. ಸಂಕಿರಣದ ಜೀವ ಇರುವುದು ಈ ತೊಂಬತ್ತು ನಿಮಿಷದಲ್ಲಿ. ಸಂರಕ್ಷಿತ ಸ್ಮಾರಕದ ಶಾಸನವಾದರೆ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಆಗಲಿಲ್ಲವಾದರೆ ಕಲ್ಲುಕುಟಿಗರಿಂದ ಚಪ್ಪಡಿಯ ಮೇಲೆ ಹತ್ತು ಸಾಲು ಕೆತ್ತಿಸಿಟ್ಟುಕೊಂಡರೆ ವರ್ಷವರ್ಷವೂ ಆಯಿತು. ಒಣ ಬ್ರಷ್ಷಿನಲ್ಲಿ ಮಣ್ಣು ಕೊಡವಿ, ನೀರು ಹಾಕಿ ತೊಳೆದು, ನೆನೆಸಿದ ಹಾಳೆಯನ್ನು ಹೊದಿಸಬೇಕು. ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಗಾಳಿಯ ಗುಳ್ಳೆ ಓಡಿಸಬೇಕು, ಅಂಚಿನಿಂದ ಶುರುಮಾಡಿದರೆ ಗುಳ್ಳೆ ನಡುವೆ ಸಿಕ್ಕಿ ಅಲ್ಲಿಯ ಅಕ್ಷರವೇ ಹೋಗುತ್ತದೆ. ಆಮೇಲೆ ಬಿರುಸು ಕೂದಲಿನ ಬ್ರಷ್ಷಿನಿಂದ ಹದವಾಗಿ ಬಡಿದರೆ ಹಾಳೆ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಅರೆ ಒಣಗಿದಾಗ ಬಟ್ಟೆಯ ಗಂಟಿನಿಂದ ಮಸಿ ತಟ್ಟಬೇಕು. ಉಬ್ಬು ಕಪ್ಪಾಗಿ ತಗ್ಗಿನ ಅಕ್ಷರ ಬೆಳ್ಳಗೆ ಎದ್ದುಬರುತ್ತದೆ. ಹಸಿಯಿದ್ದಾಗಲೇ ಅವಸರ ಮಾಡಿದರೆ ಮಸಿ ಹರಡಿ ‘ಪ’ ಯಾವುದು ‘ವ’ ಯಾವುದು ತಿಳಿಯದು. ತೀರ ಒಣಗಲು ಬಿಟ್ಟರೆ ಹಾಳೆ ಕಲ್ಲು ಬಿಟ್ಟು ಏಳುತ್ತದೆ. ಒಂದು ಕಲ್ಲಿಗೆ ಆರು ಜನ ಸಾಕು. ಮೂವತ್ತು ಜನ ಸುತ್ತುವರಿದರೆ ಇಪ್ಪತ್ತನಾಲ್ಕು ಜನ ಫೋಟೋ ತೆಗೆಯುತ್ತಾರೆ. ಹಾಳೆ ಬಿಡಿಸಿದ ಕೂಡಲೇ ಹಿಂಬದಿಯಲ್ಲಿ ಊರು, ಕಲ್ಲಿದ್ದ ಜಾಗ, ಅಳತೆ, ತಾರೀಕು ಬರೆಯದಿದ್ದರೆ ಸಂಜೆಯ ಹೊತ್ತಿಗೆ ಅದೂ ಒಂದು ಅಜ್ಞಾತ ಶಾಸನ. ಈಗ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ, ಅದು ಇದಕ್ಕಿಂತ ನಿಖರ. ಆದರೂ ಬಡಿದು ನೋಡಿದ ಕೈಗೆ ಅಕ್ಷರದ ಆಳ ತಿಳಿಯುತ್ತದೆ.

ಊಟದ ಲೆಕ್ಕ ಹೇಳದೆ ಯಾವ ಸಂಕಿರಣವೂ ಪೂರ್ತಿಯಾಗದು. ಅರವತ್ತು ನೋಂದಣಿ ಇದ್ದರೆ ಮೊದಲ ದಿನ ತೊಂಬತ್ತು ಎಲೆಗೆ ಹೇಳಬೇಕು, ಎರಡನೆಯ ದಿನ ಐವತ್ತಕ್ಕೆ. ಉದ್ಘಾಟನೆಗೆ ಪಕ್ಕದ ವಿಭಾಗದವರು, ಅತಿಥಿಗಳ ಡ್ರೈವರುಗಳು, ಖಾಲಿ ಕುರ್ಚಿ ತುಂಬಲು ಕರೆಸಿದ ಬಿ.ಎ. ಮಕ್ಕಳು ಎಲ್ಲರೂ ಇರುತ್ತಾರೆ. ಹೀಗಾಗಿ ಮುಂದೊಂದು ದಿನ ಯಾರಾದರೂ ಈ ಸಂಕಿರಣದ ಇತಿಹಾಸ ಬರೆಯಹೊರಟರೆ ಆಕರಗಳು ಜಗಳಕ್ಕೆ ಬೀಳುತ್ತವೆ. ಪತ್ರಿಕಾ ವರದಿಯಲ್ಲಿ ‘ಇನ್ನೂರಕ್ಕೂ ಹೆಚ್ಚು’, ಅಡುಗೆಯವರ ಬಿಲ್ಲಿನಲ್ಲಿ ತೊಂಬತ್ತು, ಹಾಜರಿ ಪುಸ್ತಕದಲ್ಲಿ ಅರವತ್ತು, ಕೊನೆಯ ಗೋಷ್ಠಿಯ ಫೋಟೋದಲ್ಲಿ ಹದಿಮೂರು. ಬಿಲ್ಲನ್ನು ನಂಬಬಹುದು, ಅದಕ್ಕೆ ಆಡಿಟ್ ಆಗಿದೆ.

ಗುಂಪು ಫೋಟೋವನ್ನು ಮೊದಲ ದಿನ ಊಟಕ್ಕೆ ಮುಂಚೆಯೇ ತೆಗೆಸಬೇಕು, ಬಿಸಿಲು ನೆತ್ತಿಯ ಮೇಲಿದ್ದು ಮುಖಗಳು ಕಪ್ಪಾದರೂ ಚಿಂತೆಯಿಲ್ಲ. ಅದೇ ದಿನ ಒಂದು ಪ್ರತಿ ಮುದ್ರಿಸಿ, ಎಡದಿಂದ ಬಲಕ್ಕೆ, ಕುಳಿತವರು, ನಿಂತವರು ಎಂದು ಹಿಂದೆ ಹೆಸರು ಬರೆಯಲು ಒಬ್ಬರನ್ನು ನೇಮಿಸಬೇಕು. ಸಮಾರೋಪದವರೆಗೆ ತಡೆದರೆ ಎರಡನೆಯ ಸಾಲಿನ ಮೂರನೆಯವರು ಯಾರೆಂದು ಹೇಳುವವರು ಸಿಗುವುದಿಲ್ಲ. ಗೈಡುಗಳು ತಮ್ಮ ವಿದ್ಯಾರ್ಥಿಯಲ್ಲ ಎನ್ನುತ್ತಾರೆ, ನೋಂದಣಿ ಮೇಜಿನವರು ಮುಖ ನೋಡಿದಂತಿದೆ ಎನ್ನುತ್ತಾರೆ. ಕೊನೆಗೆ ಪಾತ್ರೆ ತೊಳೆಸುತ್ತಿದ್ದ ಅಡುಗೆ ಕಾಂಟ್ರಾಕ್ಟರು ಕೈ ಒರೆಸಿಕೊಂಡು ಬಂದು ನೋಡಿ, ‘ಅದು ನಾನೇ ಸಾರ್, ನಿಲ್ಲಿ ಅಂದ್ರು, ನಿಂತೆ’ ಎನ್ನುತ್ತಾರೆ.