ಅಂಗಳದಷ್ಟು ಆಕಾಶ

ತೋಟದ ನಡುವೆ ಮನೆ ಇರುವವರಿಗೆ ಆಕಾಶ ಇಡಿಯಾಗಿ ಸಿಗುವುದಿಲ್ಲ. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಪೂರ್ವಕ್ಕೆ ಗುಡ್ಡ, ಪಶ್ಚಿಮಕ್ಕೆ ಅಡಿಕೆ ತೋಟ, ಉತ್ತರಕ್ಕೆ ತೆಂಗಿನ ಸಾಲು, ದಕ್ಷಿಣಕ್ಕೆ ಹಟ್ಟಿ, ಹಟ್ಟಿಯ ಹಿಂದೆ ದೊಡ್ಡ ಹಲಸಿನ ಮರ. ನಡುವೆ ಅಡಿಕೆ ಒಣಗಿಸುವ ಅಂಗಳ. ಅದರ ಮೇಲೆ ಎಷ್ಟು ಕಾಣುತ್ತದೋ ಅಷ್ಟೇ ನಮ್ಮ ಪಾಲಿನ ಆಕಾಶ. ಸರ್ವೆ ಮಾಡಿಸಿದರೆ ಹತ್ತು ಸೆಂಟ್ಸ್ ಕೂಡ ಬರಲಿಕ್ಕಿಲ್ಲ.

ಹಲಸಿನ ಮರದ ನಾಲ್ಕು ಕೊಂಬೆ ಸವರಿಸಿದರೆ ದಕ್ಷಿಣಕ್ಕೆ ಸ್ವಲ್ಪ ಜಾಸ್ತಿ ಕಾಣುತ್ತದೆ ಎಂದು ನಾನು ಒಮ್ಮೆ ಮೆಲ್ಲಗೆ ಹೇಳಿ ನೋಡಿದೆ. "ನಕ್ಷತ್ರದಲ್ಲಿ ಹಪ್ಪಳ ಮಾಡಲಿಕ್ಕೆ ಆಗುತ್ತದಾ?" ಎಂದು ಅತ್ತೆ ಕೇಳಿದರು. ಮರ ಹಾಗೆಯೇ ಇದೆ.

ಇದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ ಅನ್ನಿ. ನಾವು ಹುಡುಕಿಕೊಂಡು ಹೋಗದಿದ್ದರೂ ಆಕಾಶವೇ ಅಂಗಳಕ್ಕೆ ಬರುತ್ತದೆ. ಗಂಟೆಗೆ 15 ಡಿಗ್ರಿಯಂತೆ ಎಲ್ಲವೂ ಪಶ್ಚಿಮಕ್ಕೆ ಸರಿಯುತ್ತಿರುತ್ತದೆ. ಅದರ ಮೇಲೆ ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಮೂಡುತ್ತದೆ. ತಿಂಗಳಿಗೆ ಎರಡು ಗಂಟೆ ಆಯಿತು. ಡಿಸೆಂಬರಿನಲ್ಲಿ ರಾತ್ರಿ ಹತ್ತಕ್ಕೆ ಗುಡ್ಡದ ತುದಿಯಲ್ಲಿದ್ದದ್ದು ಜನವರಿಯಲ್ಲಿ ಎಂಟಕ್ಕೇ ಅಲ್ಲಿರುತ್ತದೆ, ಹತ್ತಕ್ಕೆ ಅಂಗಳದ ಮೇಲೆ ಬಂದಿರುತ್ತದೆ. ಕಾಯುವ ಬುದ್ಧಿ ಇದ್ದರೆ ಸಾಕು. ಇಷ್ಟು ನಂಬಿಯೇ ನಾನು ಟೆಲಿಸ್ಕೋಪ್ ತರಿಸಿದ್ದು.

ಟೆಲಿಸ್ಕೋಪ್ ಮನೆಗೆ ಬಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇದರಲ್ಲಿ ಎಷ್ಟು ದೂರ ಕಾಣುತ್ತದೆ?" ಮಾವನೂ ಅದನ್ನೇ ಕೇಳಿದರು. ದೂರ ಕಾಣಲಿಕ್ಕೆ ಟೆಲಿಸ್ಕೋಪ್ ಬೇಕಂತಲೇ ಇಲ್ಲ. ನವೆಂಬರಿನ ಕತ್ತಲ ರಾತ್ರಿಯಲ್ಲಿ ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ. ಅದು ಇರುವುದು ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಕೇಳಬೇಕಾದ್ದು ಎಷ್ಟು ಬೆಳಕು ಹಿಡಿಯುತ್ತದೆ ಎಂದು. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರ್ ಅಗಲವಾಗುತ್ತದೆ. ನನ್ನ ಟೆಲಿಸ್ಕೋಪಿನ ಕನ್ನಡಿ 130 ಮಿಲಿಮೀಟರ್. ಲೆಕ್ಕ ಹಾಕಿದರೆ ಕಣ್ಣಿಗಿಂತ 300 ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬರುತ್ತದೆ.

ಪೆಟ್ಟಿಗೆಯ ಮೇಲೆ "525 ಪಟ್ಟು" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವ ಟೆಲಿಸ್ಕೋಪು ಕಂಡರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಎಷ್ಟು ಪಟ್ಟು ಎನ್ನುವುದು ಐಪೀಸಿನ ಮೇಲೆ ಹೋಗುತ್ತದೆ. ಐಪೀಸ್ ಎಂದರೆ ಕಣ್ಣಿಡುವ ಜಾಗದಲ್ಲಿ ಸಿಕ್ಕಿಸುವ, ಹೆಬ್ಬೆರಳಿನಷ್ಟು ಉದ್ದದ ಮಸೂರದ ಕೊಳವೆ. ಟೆಲಿಸ್ಕೋಪಿನ ಸಂಗಮದೂರವನ್ನು, ಅಂದರೆ ಕನ್ನಡಿಯಿಂದ ಬೆಳಕು ಒಂದು ಬಿಂದುವಿಗೆ ಬಂದು ಸೇರುವ ದೂರವನ್ನು, ಐಪೀಸಿನದ್ದರಿಂದ ಭಾಗಿಸಿದರೆ ಉತ್ತರ ಬರುತ್ತದೆ. ನನ್ನದು 650 ಮಿಲಿಮೀಟರಿನದು. 25ರ ಐಪೀಸ್ ಹಾಕಿದರೆ 26 ಪಟ್ಟು, 10ರದ್ದು ಹಾಕಿದರೆ 65 ಪಟ್ಟು. ಐಪೀಸಿನ ನಂಬರ್ ಸಣ್ಣದಾದಷ್ಟೂ ನೋಟ ದೊಡ್ಡದಾಗುತ್ತದೆ. ಬೇಕಿದ್ದರೆ 2ರದ್ದೋ 3ರದ್ದೋ ತಂದು ಇನ್ನೂ ಏರಿಸಬಹುದು. ಆದರೆ ಒಳಗೆ ಬಂದ ಬೆಳಕು ಅಷ್ಟೇ ಅಲ್ವಾ? ಅದನ್ನೇ ಹರಡಿದರೆ ಒಂದು ಲೋಟ ಮಜ್ಜಿಗೆಗೆ ಒಂದು ಕೊಡ ನೀರು ಸುರಿದ ಹಾಗೆ. ಲೆನ್ಸೋ ಕನ್ನಡಿಯೋ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟಿಗೆ ನಿಲ್ಲಿಸಬೇಕು ಎಂಬ ಒಂದು ಅಂದಾಜು ಉಂಟು. ನಮ್ಮ ಅಂಗಳದಲ್ಲಿ ಅಲ್ಲಿಯವರೆಗೂ ಹೋಗಲಿಕ್ಕೆ ಆಗುವುದಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟು ರಾತ್ರಿ ಅದನ್ನು ಹೊರಗೆ ಬಿಡುತ್ತದೆ. ಮೇಲೇಳುವ ಬಿಸಿಗಾಳಿಯಲ್ಲಿ ಗುರುಗ್ರಹ ನಡುಗುತ್ತದೆ. 150 ಪಟ್ಟು ಮಾಡಿದರೆ ನಡುಕವೂ 150 ಪಟ್ಟು.

ಹಾಗಾಗಿ ನನ್ನ ಮೆಚ್ಚಿನದು 25ರ ಐಪೀಸ್. ವಿಯೆನ್ನಾದ ಪ್ಲಾಸ್ಲ್ ಎಂಬವರು 1860ರಲ್ಲಿ ಮಾಡಿದ ವಿನ್ಯಾಸದ್ದು. ಅದರಲ್ಲಿ ನಾಲ್ಕು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟರೆ ಹಿಡಿಸುವಷ್ಟು ಆಕಾಶ ಒಟ್ಟಿಗೆ ಕಾಣುತ್ತದೆ. ಕೃತ್ತಿಕೆ ಹೆಚ್ಚುಕಮ್ಮಿ ಪೂರ್ತಿ ಸಿಗುತ್ತದೆ. ಬರಿಗಣ್ಣಿಗೆ ಆರೇಳು ಚುಕ್ಕೆ ಕಾಣುವ ಕಡೆ ಹತ್ತಾರು ನೀಲಿ ಚುಕ್ಕೆಗಳು. 26 ಪಟ್ಟು ಎಂದರೆ ಕೆಲವರು ಮೂಗು ಮುರಿಯುತ್ತಾರೆ. ಗೆಲಿಲಿಯೋ 1610ರ ಜನವರಿ 7ರಂದು ಗುರುವಿನ ಪಕ್ಕದಲ್ಲಿ ಮೂರು ಚುಕ್ಕೆಗಳನ್ನು ಕಂಡದ್ದು ಸುಮಾರು 20 ಪಟ್ಟಿನ ದುರ್ಬೀನಿನಲ್ಲಿ. ನಾಲ್ಕನೆಯದು ಅದೇ ವಾರ ಸಿಕ್ಕಿತು. ಅವೆಲ್ಲ ಗುರುವಿನ ಚಂದ್ರಗಳು. ಅವನ ಕೈಗೆ ಈಗಿನ ಐಪೀಸೊಂದು ಸಿಕ್ಕಿದ್ದರೆ ಏನು ಮಾಡುತ್ತಿದ್ದನೋ!

ಸ್ಟ್ಯಾಂಡಿನ ವಿಷಯಕ್ಕೆ ಬಂದರೆ ನಮ್ಮೂರಿಗೇ ಒಂದು ತಾಪತ್ರಯ ಇದೆ. ಒಂದು ಜಾತಿಯ ಸ್ಟ್ಯಾಂಡನ್ನು ಧ್ರುವ ನಕ್ಷತ್ರದ ಕಡೆ ತಿರುಗಿಸಿ ಕೂರಿಸಬೇಕು. ಕಾಸರಗೋಡು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಮೇಲೆ. ನಮ್ಮಲ್ಲಿ ಆ ಎತ್ತರದಲ್ಲಿ ಇರುವುದು ತೆಂಗಿನ ಸೋಗೆ. ನಾನು ಈ ಮನೆಗೆ ಬಂದ ಮೇಲೆ ಅಂಗಳದಿಂದ ಧ್ರುವನನ್ನು ನೋಡಿಯೇ ಇಲ್ಲ.

ಅದಕ್ಕೇ ನಾನು ಡಾಬ್ಸನ್ ಮಾದರಿಯದ್ದನ್ನು ಆರಿಸಿದೆ. ಮರದ ಪೆಟ್ಟಿಗೆಯಲ್ಲಿ ಕೊಳವೆ ಕೂತಿರುತ್ತದೆ. ಮೇಲೆ ಕೆಳಗೆ ಬಾಗಿಸಬಹುದು, ಸುತ್ತ ತಿರುಗಿಸಬಹುದು, ಅಷ್ಟೇ. ಇದನ್ನು ರೂಢಿಗೆ ತಂದ ಜಾನ್ ಡಾಬ್ಸನ್ ಒಬ್ಬ ಸನ್ಯಾಸಿ. 1944ರಲ್ಲಿ ಸಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಆಶ್ರಮ ಸೇರಿದವರು. ಕೈಯಲ್ಲಿ ದುಡ್ಡಿಲ್ಲ. ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ ಕನ್ನಡಿ ಮಾಡಿದರು, ರಟ್ಟಿನ ಕೊಳವೆಗೆ ಅದನ್ನು ಕೂರಿಸಿದರು. ರಾತ್ರಿ ಬೀದಿಗೆ ಒಯ್ದು ಅಕ್ಕಪಕ್ಕದ ಮಕ್ಕಳಿಗೆ ಚಂದ್ರನನ್ನು ತೋರಿಸುತ್ತಿದ್ದರು. ಆಶ್ರಮದ ಕೆಲಸಕ್ಕಿಂತ ಇದೇ ಜಾಸ್ತಿಯಾಯಿತು ಎಂದು 1967ರಲ್ಲಿ ಹೊರಬರಬೇಕಾಯಿತು. ಆಮೇಲೆ ಅವರು ಪೂರ್ತಿಯಾಗಿ ಬೀದಿಯಲ್ಲೇ ನಿಂತು ಹೋಗಿಬರುವವರಿಗೆ ಆಕಾಶ ತೋರಿಸಿದರು. ಸಂಸಾರ ಬಿಟ್ಟು ಆಶ್ರಮ ಸೇರಿದವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಟೆಲಿಸ್ಕೋಪಿಗಾಗಿ ಆಶ್ರಮ ಬಿಟ್ಟವರು ಇವರೊಬ್ಬರೇ ಇರಬೇಕು.

ನನ್ನದು ಮೇಜಿನ ಮೇಲಿಡುವ ಗಿಡ್ಡ ಡಾಬ್ಸನ್. ಮೇಜು ಅಲುಗಿದರೆ ಶನಿಯೂ ಅಲುಗುತ್ತಾನೆ. ಗ್ರೈಂಡರ್ ಬಂದ ಮೇಲೆ ಹೊರಗೆ ಬಿದ್ದಿದ್ದ ಕಡೆಯುವ ಕಲ್ಲು ಈಗ ಅದರ ಪೀಠ. ಪಕ್ಕದಲ್ಲಿ ಮಣೆ ಹಾಕಿ ಕೂರುತ್ತೇನೆ. ಸೊಂಟ ನೋಯುತ್ತದೆ. ಕಲ್ಲು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ.

ಆಕಾಶದಲ್ಲಿ ಯಾವುದು ಎಲ್ಲಿದೆ ಎಂದು ತಿಳಿಯಲು ಮೊಬೈಲಿನಲ್ಲಿ ಆ್ಯಪ್‌ಗಳಿವೆ. ಅದರ ಬೆಳಕಿಗೆ ಕಣ್ಣು ಕೆಡುತ್ತದೆ. ಕಣ್ಣು ಕತ್ತಲಿಗೆ ಸರಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಕೆಡಲಿಕ್ಕೆ ಒಂದು ವಾಟ್ಸಾಪ್ ಸಾಕು. ನನಗೆ ಮಾವನ ಪಂಚಾಂಗವೇ ಒಳ್ಳೆಯದು. ಗುರು ಮಿಥುನದಲ್ಲಿ ಎಂದಿದ್ದರೆ ಆಕಾಶದಲ್ಲೂ ಹೆಚ್ಚುಕಮ್ಮಿ ಅಲ್ಲೇ ಇರುತ್ತಾನೆ. ಚಂದ್ರನಿಗೆ ತಿಥಿ ನೋಡಿದರೆ ಆಯಿತು. ಹೊಸಬರೆಲ್ಲ ಹುಣ್ಣಿಮೆಯ ದಿನವೇ ಚಂದ್ರನಿಗೆ ಟೆಲಿಸ್ಕೋಪ್ ಹಿಡಿಯುತ್ತಾರೆ. ಅವತ್ತು ಬೆಳಕು ನೇರವಾಗಿ ಬೀಳುವುದರಿಂದ ಗುಳಿಗಳಿಗೆ ನೆರಳೇ ಇರುವುದಿಲ್ಲ. ಸಪ್ತಮಿ, ಅಷ್ಟಮಿಗಳಲ್ಲಿ ನೋಡಬೇಕು. ಬೆಳಕು ಮತ್ತು ಕತ್ತಲೆ ಸೇರುವ ಗೆರೆಯಲ್ಲಿ ಒಂದೊಂದು ಗುಡ್ಡವೂ ಉದ್ದ ನೆರಳು ಚಾಚಿಕೊಂಡಿರುತ್ತದೆ. ಚೌತಿಯ ಚಂದ್ರನೂ ಚಂದವೇ. ಗಣೇಶ ಚೌತಿಯ ದಿನದ್ದನ್ನು ನೋಡಬಾರದು ಎಂಬ ಮಾತಿದೆ. ಅದನ್ನು ಪಾಲಿಸುವುದು ನಮಗೆ ಕಷ್ಟವಿಲ್ಲ, ಮಳೆ ಮೋಡ ಎಲ್ಲ ನೋಡಿಕೊಳ್ಳುತ್ತದೆ.

ಶನಿಯ ವಿಷಯ ಸ್ವಲ್ಪ ಸೂಕ್ಷ್ಮ. 65 ಪಟ್ಟಿನಲ್ಲಿ ಶನಿಯ ಉಂಗುರ ಚೆನ್ನಾಗಿ ಕಾಣುತ್ತದೆ. ಸುಮಾರು 15 ವರ್ಷಕ್ಕೊಮ್ಮೆ ಆ ಉಂಗುರ ನಮಗೆ ಅಂಚಿನ ಕಡೆಯಿಂದ ಕಂಡು ಗೆರೆಯಾಗಿ ಮಾಯವಾಗುತ್ತದೆ. 2025ರ ಮಾರ್ಚಿನಲ್ಲಿ ಹಾಗಾಗಿತ್ತು. ಈಗ ಮತ್ತೆ ನಿಧಾನವಾಗಿ ತೆರೆದುಕೊಳ್ಳುತ್ತಿದೆ. ಇದನ್ನೆಲ್ಲ ವಿವರಿಸಿ ಅತ್ತೆಯನ್ನು ಕರೆದರೆ ಅವರು ಜಗಲಿಯಿಂದ ಇಳಿಯಲಿಲ್ಲ. ವರ್ಷಕ್ಕೊಂದು ಶನಿಪೂಜೆ ಮಾಡಿಸುವ ಮನೆಯಲ್ಲಿ ಶನಿಯನ್ನೇ ಅಂಗಳಕ್ಕೆ ಕರೆಸುವುದು ಎಂದರೇನು! ಕಡೆಗೆ ಮಾವನೇ ತೀರ್ಪು ಕೊಟ್ಟರು: "ಶನಿ ನಮ್ಮನ್ನು ನೋಡಬಾರದು, ಅಷ್ಟೇ. ನಾವು ಶನಿಯನ್ನು ನೋಡಬಾರದು ಎಂದು ಎಲ್ಲೂ ಹೇಳಿಲ್ಲ." ಅತ್ತೆ ಬಂದರು. ತುಂಬ ಹೊತ್ತು ನೋಡಿದರು. "ಇಷ್ಟು ಚಂದ ಇದ್ದಾನಲ್ಲ, ಮತ್ತೆ ಯಾಕೆ ಹಾಗೆ ಮಾಡುತ್ತಾನೆ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬೇರೆಯವರಿಗೆ ತೋರಿಸುವುದು ನೋಡುವುದಕ್ಕಿಂತ ಕಷ್ಟದ ಕೆಲಸ. ಮದುವೆಯ ಕಾಲದಲ್ಲಿ ನೆಂಟರು ಸೇರಿದರೆ ಸಾಲು ನಿಲ್ಲುತ್ತದೆ. ಬಂದವರು ಮೊದಲು ಕೊಳವೆಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅಲ್ಲಿಗೆ ಗುರು ಹೋದ. ಆಮೇಲೆ ಎಡಗಣ್ಣು ಮುಚ್ಚಲು ಹೋಗಿ ಎರಡೂ ಮುಚ್ಚುತ್ತಾರೆ. "ಎಂತದೂ ಕಾಣುವುದಿಲ್ಲ ಮಾರಾಯ್ತಿ." 10ರ ಐಪೀಸ್ ಹಾಕಿದ್ದರೆ ಮೂರೇ ನಿಮಿಷದಲ್ಲಿ ಗುರು ತಾನಾಗಿ ಅಂಚಿಗೆ ಸರಿದು ಮರೆಯಾಗುತ್ತಾನೆ, ಭೂಮಿ ತಿರುಗುತ್ತಿದೆಯಲ್ಲ. ಕನ್ನಡಕ ತೆಗೆದು, ಸೀರೆ ಸರಿಮಾಡಿ, ಮಣೆಯ ಮೇಲೆ ಕೂರಲಿಕ್ಕೇ ದೊಡ್ಡಮ್ಮನಂಥವರಿಗೆ ಮೂರು ನಿಮಿಷ ಬೇಕು. ಅದಕ್ಕೇ ನೆಂಟರಿಗೆ ಯಾವಾಗಲೂ 25ರದ್ದು. ಎಂಟು ನಿಮಿಷ ಸಿಗುತ್ತದೆ.

ಅವರಿಗೆ ಅತಿ ಹೆಚ್ಚು ಹಿಡಿಸುವುದು ಅರುಂಧತಿ. ಮದುವೆಯಲ್ಲಿ ಭಟ್ರು ಹಾಡಹಗಲೇ ಬೆರಳು ತೋರಿಸಿ "ಕಂಡಿತಾ?" ಎಂದು ಕೇಳುತ್ತಾರೆ, ಮದುಮಕ್ಕಳು "ಕಂಡಿತು" ಎನ್ನುತ್ತಾರೆ. ಏಪ್ರಿಲ್, ಮೇ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲ ತೆಂಗಿನ ಸಾಲಿನಿಂದ ಮೇಲೆ ಬಂದಿರುತ್ತದೆ. ಟೆಲಿಸ್ಕೋಪಿನಲ್ಲಿ ಅರುಂಧತಿ ದೂರ ಸರಿದು ಒಂಟಿಯಾಗಿ ಕಾಣುತ್ತಾಳೆ, ಇತ್ತ ವಸಿಷ್ಠನೇ ಒಡೆದು ಇಬ್ಬರಾಗುತ್ತಾನೆ. 1617ರಲ್ಲಿ ಗೆಲಿಲಿಯೋನ ಗೆಳೆಯ ಕ್ಯಾಸ್ಟೆಲ್ಲಿ ಇದನ್ನು ಮೊದಲು ಗಮನಿಸಿದ. ಆಮೇಲಿನವರು ದೊಡ್ಡ ಉಪಕರಣ ಹಿಡಿದು ಎಣಿಸಿದಾಗ ವಸಿಷ್ಠನ ಕಡೆ ನಾಲ್ಕು, ಅರುಂಧತಿಯ ಕಡೆ ಎರಡು, ಒಟ್ಟು ಆರು ನಕ್ಷತ್ರ ಸಿಕ್ಕಿತು. "ಕೂಡುಕುಟುಂಬ" ಎಂದು ದೊಡ್ಡಮ್ಮ ಸಮಾಧಾನಪಟ್ಟುಕೊಂಡರು.

ನಕ್ಷತ್ರ ನೋಡುವ ಕಾಲವೂ ಅಡಿಕೆಯ ಕಾಲವೂ ಒಂದೇ ಆದದ್ದು ಇನ್ನೊಂದು ತಲೆನೋವು. ಮೋಡ ಹೋಗಿ ಆಕಾಶ ತೊಳೆದಂತಾಗುವ ನವೆಂಬರಿಗೇ ಅಂಗಳಕ್ಕೆ ಅಡಿಕೆ ಬೀಳುತ್ತದೆ. ಕತ್ತಲಲ್ಲಿ ಕಾಲಿಟ್ಟರೆ ಉರುಳುತ್ತದೆ. ಅದರ ನಡುವೆ ಒಂದು ಓಣಿ ಬಿಡಿಸಿಕೊಳ್ಳಲು ನನ್ನ ಗಂಡನ ಜೊತೆ ನಡೆದ ಮಾತುಕತೆ ಗಡಿ ವಿವಾದದಷ್ಟೇ ಉದ್ದ. ಕಡೆಗೆ ಕಡೆಯುವ ಕಲ್ಲಿನವರೆಗೆ ಎರಡಡಿ ಅಗಲ ಸಿಕ್ಕಿತು. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಸುತ್ತಿ ಹೋಗುತ್ತೇನೆ. ಅಮಾವಾಸ್ಯೆಯ ರಾತ್ರಿ ಕೆಂಪು ಬೆಳಕೊಂದು ಅಂಗಳದಲ್ಲಿ ಓಡಾಡುವುದನ್ನು ಕಂಡ ಕೆಲಸದ ಆಳು ಮರುದಿನ ಅತ್ತೆಯ ಹತ್ತಿರ ತಗ್ಗಿದ ದನಿಯಲ್ಲಿ ಏನೋ ವಿಚಾರಿಸಿದನಂತೆ. ಮಸುಕಾದ ನೀಹಾರಿಕೆಗಳನ್ನು ನೋಡಲು ಅಮಾವಾಸ್ಯೆಯಂಥ ಒಳ್ಳೆಯ ದಿನ ಇನ್ನೊಂದಿಲ್ಲ. ಅವತ್ತೇ ಕರೆಂಟೂ ಹೋದರೆ ನನ್ನ ಪುಣ್ಯ. ಮೃಗಶಿರದ ಬೇಟೆಗಾರನ ಸೊಂಟಪಟ್ಟಿಯ ಕೆಳಗಿನ ನೀಹಾರಿಕೆ ಆಗ ರೆಕ್ಕೆ ಬಿಚ್ಚುತ್ತದೆ. ಚಿತ್ರಗಳಲ್ಲಿ ಇರುವ ಗುಲಾಬಿ ಬಣ್ಣ ಮಾತ್ರ ಕಾಣುವುದಿಲ್ಲ. ಬೂದಿ ಬಣ್ಣವೇ. ಮೊದಲೇ ಹೇಳಿದರೆ ಯಾರಿಗೂ ಬೇಸರವಾಗುವುದಿಲ್ಲ.

ಹಗಲು ಟೆಲಿಸ್ಕೋಪನ್ನು ಅಂಗಳದಲ್ಲಿ ಬಿಡುವಂತಿಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಚೆನ್ನಾಗಿ ಕಂಡಿತ್ತು. ಆಮೇಲೆ ಮಕ್ಕಳಿಗೆಲ್ಲ ಸೂರ್ಯನನ್ನು ನೋಡುವ ಆಸೆ. ಕೊಳವೆಯ ಮುಂಭಾಗಕ್ಕೆ ಹೊದಿಸುವ ಸೋಲಾರ್ ಫಿಲ್ಟರ್ ಇಲ್ಲದೆ ಸೂರ್ಯನ ಕಡೆ ತಿರುಗಿಸಿದರೆ ಕಣ್ಣು ಹೋಗುತ್ತದೆ. ಐಪೀಸಿಗೆ ಸಿಕ್ಕಿಸುವ ಸಣ್ಣ ಫಿಲ್ಟರನ್ನು ನಂಬಲೇಬಾರದು, ಬಿಸಿಗೆ ಅದು ಒಡೆಯುತ್ತದೆ. ಈ ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ.

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ನಾನೂ ಐಪೀಸುಗಳನ್ನು ಒಳಗಿಡುತ್ತೇನೆ. ನಮ್ಮ ಮಳೆಗಾಲದ ತೇವಕ್ಕೆ ಗಾಜಿನ ಮೇಲೂ ಬೂಸ್ಟು ಬೆಳೆಯುತ್ತದೆ, ಬಂದರೆ ಮಸೂರದ ಲೇಪವನ್ನೇ ತಿನ್ನುತ್ತದೆ. ಬೈರಾಸಿನಲ್ಲಿ ಉಜ್ಜಿದರೆ ಗೀರು ಬೇರೆ. ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ಒಣಗಿದ್ದಾಗ ನೀಲಿಯಾಗಿರುವ ಹರಳು ತೇವ ಹೀರಿ ಗುಲಾಬಿಯಾಗುತ್ತದೆ. ಮೆಲ್ಲಗೆ ಕಾಯಿಸಿದರೆ ತಿರುಗಿ ನೀಲಿ. ಆಟಿ ತಿಂಗಳಲ್ಲಿ ಅದಕ್ಕೆಂದೇ ತೆಗೆದಿಟ್ಟ ಹಳೆಯ ಬಾಣಲೆಯಲ್ಲಿ, ಬಚ್ಚಲ ಒಲೆಯ ಮೇಲೆ ಅದನ್ನು ಹುರಿಯುತ್ತೇನೆ. ಆ ಬಾಣಲೆ ಅಡುಗೆ ಮನೆಯ ಹೊಸ್ತಿಲು ದಾಟಕೂಡದು ಎಂಬುದು ಅತ್ತೆಯ ಕಾನೂನು. ಅದು ನ್ಯಾಯವೇ.